ಬಲ ಮಗ್ಗುಲಿನ ತೇಪೆ

ಆ ದೋಣಿ ನನ್ನ ಶೆಡ್ಡಿಗೆ ಬಂದದ್ದು ಮಗುಚಿಕೊಂಡು. ಅಂಕೋಲೆ ಕಡೆಯಿಂದ ಲಾರಿಯಲ್ಲಿ ಬೋರಲು ಹಾಕಿ, ಹಗ್ಗ ಬಿಗಿದು ತಂದಿದ್ದರು. ಕಾಳಿ ಸೇತುವೆ ದಾಟಿ ಲಾರಿ ಚಿತ್ತಾಕುಲದ ತಿರುವಿಗೆ ಬಂದಾಗ ನಾನು ಶೆಡ್ಡಿನ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ಮೊದಲು ಕಂಡದ್ದು ಮೂತಿ. ಎರಡೂ ಮಗ್ಗುಲು ಮೇಲಕ್ಕೆ ಅಗಲವಾಗಿ ಅರಳಿ, ನೀರು ಮುಟ್ಟುವಲ್ಲಿ ಥಟ್ಟನೆ ಒಳಸೇರುವ ಮೂತಿ. ಅದನ್ನು ಬೋರಲು ಹಾಕಿದರೂ ನಾನು ಗುರುತಿಸುತ್ತೇನೆ. ಅದು ನನ್ನ ಅಪ್ಪ ಕೊಟ್ಟ ಆಕಾರ.

ಆದರೆ ಲಾರಿಯ ಮುಂದಿನ ಸೀಟಿನಿಂದ ಇಳಿದ ದೋಣಿಯ ಒಡತಿ ಹೇಳಿದ ಹೆಸರು ಬೇರೆ.

"ಫೈಬರ್ ಮೇಸ್ತ್ರಿ ಕಟ್ಟಿದ ದೋಣಿ ಇದು," ಅಂದಳು. ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ಗಟ್ಟಿಗಿತ್ತಿ. ಕಡಲಿಗೆ ಹೋಗುವವರು ಗಂಡ, ಮೈದುನ. ದೋಣಿಯ ಮಾತು ಮಾತ್ರ ಅವಳದೇ. "ಹಳೇದಾದ್ರೂ ಅಲೆ ಮೇಲೆ ಹೆಂಗೆ ಕೂರ್ತದೆ ಗೊತ್ತದ್ಯಾ? ಈಗ ಅವ್ರು ಮಾಡೂ ಹೊಸ ದೋಣಿನೂ ಹಂಗೆ ಕೂರೂದಿಲ್ಲ. ಮೇಸ್ತ್ರಿಗೆ ಈಗ ಪುರಸೊತ್ತಿಲ್ಲ, ಅದ್ಕೆ ನಿನ್ನ ಹತ್ರ ತಂದೆ. ಹಾಳು ಮಾಡ್ಬ್ಯಾಡ ಮತ್ತೆ."

ಗಾಯಕ್ಕೆ ಉಪ್ಪು ಸವರುವುದು ಅಂದರೆ ಇದು. ನಾನು ಚಹಾದ ಲೋಟ ಕೆಳಗಿಟ್ಟು, "ನೂಲಹುಣ್ಣಿಮೆಗೆ ಕೊಡ್ತೆ," ಅಂದೆ. ನಮ್ಮ ಕಡೆ ಆ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟಮೇಲೆಯೇ ಹೊಸ ವರ್ಷದ ಮೀನುಗಾರಿಕೆ. ಅದಕ್ಕಿಂತ ತಡವಾದರೆ ಅವಳ ಮನೆಯವರು ದಂಡೆಯಲ್ಲಿ ಕೂತು ಬೇರೆಯವರ ದೋಣಿ ಎಣಿಸಬೇಕು.

ನನ್ನ ಹೊಟ್ಟೆಕಿಚ್ಚಿನ ಮೂಲ ಹೇಳಿಬಿಡುತ್ತೇನೆ. ನಾವು ಆಚಾರಿಗಳು. ಅಪ್ಪ ಹಲಗೆ ದೋಣಿ ಕಟ್ಟುತ್ತಿದ್ದ. ಅವನು ಕಟ್ಟಿದ ಒಂದು ದೋಣಿ ಅಂಕೋಲೆಯ ದಂಡೆಗೆ ಹೋಯಿತು. ಕೆಲವು ವರ್ಷಗಳ ಮೇಲೆ ಅಲ್ಲಿನ ಫೈಬರ್ ಮೇಸ್ತ್ರಿ ಆ ದೋಣಿಯನ್ನು ಮಗುಚಿ, ಮೇಣ ತಿಕ್ಕಿ, ಅದರ ಮೇಲೆ ಫೈಬರ್ ಹಾಸಿ ಅಚ್ಚು ತೆಗೆದ. ಅಚ್ಚೊಂದಿದ್ದರೆ ತಟ್ಟೆಯಿಂದ ಇಡ್ಲಿ ಎಬ್ಬಿಸಿದ ಹಾಗೆ ಎಷ್ಟು ದೋಣಿ ಬೇಕಾದರೂ ಎಬ್ಬಿಸಬಹುದು. ಬೇಲೆಕೇರಿಯಿಂದ ಗಂಗಾವಳಿವರೆಗೂ ಆ ದೋಣಿಗಳು ಹರಡಿದವು. ಎಲ್ಲರೂ ಅವನ್ನು 'ಮೇಸ್ತ್ರಿ ಕಟ್ಟು' ಅಂದರು. ಅಪ್ಪ ತುಟಿ ಬಿಚ್ಚಲಿಲ್ಲ. ಅಪ್ಪ ಹೋದ ಮೇಲೆ ನಾನೂ ಮರ ಬಿಟ್ಟು ಫೈಬರ್ ರಿಪೇರಿಗೆ ಇಳಿದೆ. ಹೊಸ ದೋಣಿಗೆ ಯಾರೂ ನನ್ನನ್ನು ಕೇಳುವುದಿಲ್ಲ. ಒಡೆದದ್ದು, ಸೋರುವುದು, ಬಣ್ಣ ಹೋದದ್ದು ನನ್ನ ಪಾಲು. ಹೊಳೆಬಾಯಿಯಲ್ಲಿ ಆ ಮೂತಿಯ ದೋಣಿ ಹಾದುಹೋದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವ ಹಾಗೆ ಆಗುತ್ತಿತ್ತು. ಕಳ್ಳ, ಅನ್ನುತ್ತಿದ್ದೆ. ನನ್ನ ಹೆಂಡತಿ, "ಇವತ್ತು ಎಷ್ಟು ಕಂಡ್ವು?" ಎಂದು ಕೇಳಿ ನಗುತ್ತಿದ್ದಳು.

ಕೆಲಸ ಶುರುವಾದದ್ದು ತಟ್ಟುವುದರಿಂದ. ಸಣ್ಣ ಸುತ್ತಿಗೆಯಿಂದ ಮೈಯಿಡೀ ತಟ್ಟುತ್ತ ಹೋಗಬೇಕು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಪದರ ಬಿಟ್ಟಲ್ಲಿ ಒದ್ದೆ ಹಲಗೆಯ ಹಾಗೆ ದಬ್ ಅನ್ನುತ್ತದೆ. ದಬ್ ಅಂದಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿದೆ. ಕೆಟ್ಟದ್ದು ಸಿಕ್ಕಷ್ಟೂ ನನಗೆ ಖುಷಿಯಾಗುತ್ತಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಆದರೆ ಸುತ್ತುಗಳು ಕಡಿಮೆಯೇ ಬಿದ್ದವು. ಎಂಜಿನ್ ಕೂರುವ ಹಿಂದಿನ ಹಲಗೆ ಮಾತ್ರ ಪೂರ್ತಿ ಹೋಗಿತ್ತು. ಒಳಗಿನ ಫೈಬರ್ ಕತ್ತರಿಸಿ ತೆಗೆದರೆ ಪ್ಲೈವುಡ್ ಕಾಫಿಯ ಗಷ್ಟಿನಂತೆ ಕೈಗೆ ಬಂತು. ಬೋಲ್ಟು ಹಾಕಿದ ತೂತಿಗೆ ಯಾರೂ ರೆಸಿನ್ ಅಂಟು ಬಳಿದಿರಲಿಲ್ಲ. ಅಲ್ಲಿಂದ ವರ್ಷಗಟ್ಟಲೆ ನೀರು ಕುಡಿದಿತ್ತು. ಅದೂ ಮೇಸ್ತ್ರಿಯ ತಪ್ಪಲ್ಲ, ಎಂಜಿನ್ ಬದಲಿಸಿದವರದ್ದು. ಎಷ್ಟು ಹುಡುಕಿದರೂ ಅವನ ಕೆಲಸದಲ್ಲಿ ನನಗೆ ಬೈಯಲು ಹಿಡಿತ ಸಿಗಲಿಲ್ಲ. ಗಾಜಿನ ಎಳೆಯ ಮ್ಯಾಟು ಒಂದೇ ಸಮ ಹಾಸಿದ್ದ. ರೋಲರು ಎಳೆದು ಗಾಳಿ ಗುಳ್ಳೆಯನ್ನೆಲ್ಲ ಹೊರಹಾಕಿದ್ದ. ಇದರಿಂದ ನನಗೆ ಇನ್ನೂ ಉರಿಯಿತು.

ಹಳೆಯ ಬಣ್ಣ ತೆಗೆಯಲು ಗ್ರೈಂಡರ್ ಹಿಡಿಯುವ ಮುಂಚೆ ನಾನು ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇನೆ. ಇಲ್ಲದಿದ್ದರೆ ಗಾಜಿನ ಧೂಳು ಚರ್ಮದೊಳಗೆ ಇಳಿದು ವಾರವಿಡೀ ತುರಿಸುತ್ತದೆ. ಹಸಿರು, ಅದರಡಿ ನೀಲಿ, ಅದರಡಿ ಬಿಳಿ, ಮತ್ತೆ ಹಸಿರು. ಬಣ್ಣದ ಕೆಳಗೆ ಮೈತುಂಬ ಸಣ್ಣ ಬೊಕ್ಕೆಗಳು. ಅವನ್ನು ಒಡೆದು, ಬಾವಿಯ ಸಿಹಿನೀರು ಹೊಯ್ದು ಉಪ್ಪು ತೊಳೆದು, ಟಾರ್ಪಾಲಿನ ಗುಡಾರದೊಳಗೆ ದೊಡ್ಡ ಬಲ್ಬು ಉರಿಸಿ ಒಣಗಿಸಿದೆ. ಹೊರಗೆ ಜಡಿಮಳೆ. ಒಣಗಿದೆಯೋ ಇಲ್ಲವೋ ನೋಡಲು ದೋಣಿಯ ಮೈಗೆ ಪ್ಲಾಸ್ಟಿಕ್ ಹಾಳೆಯ ತುಂಡು ಅಂಟಿಸಿ ಬಿಡುತ್ತೇವೆ; ಒಳಗಿನಿಂದ ಬೆವರಿದರೆ ಇನ್ನೂ ಹಸಿ ಅಂತ. ಹಾಳೆ ಬೆವರುವುದು ನಿಲ್ಲುವಷ್ಟರಲ್ಲಿ ಹಿಂದಿನ ಹಲಗೆಗೆ ಹೊಸ ಪ್ಲೈವುಡ್ ಕೂರಿಸಿ, ಮ್ಯಾಟು ಹಾಸಿ ಮುಗಿಸಿದೆ.

ಆಮೇಲಿನದು ದೋಣಿಯ ಮೈ ಸಮ ಮಾಡುವ ಕೆಲಸ. ಅದಕ್ಕೊಂದು ಉಪಾಯವಿದೆ. ಮೈಗೆಲ್ಲ ಇದ್ದಿಲ ಪುಡಿ ಸವರಿ, ತೋಳುದ್ದದ ಹಲಗೆಗೆ ಸ್ಯಾಂಡ್‌ಪೇಪರ್ ಅಂಟಿಸಿ ಓರೆಯಾಗಿ ಉಜ್ಜಬೇಕು. ಉಬ್ಬು ಇದ್ದಲ್ಲಿ ಕಪ್ಪು ಹೋಗುತ್ತದೆ, ತಗ್ಗು ಇದ್ದಲ್ಲಿ ಉಳಿಯುತ್ತದೆ. ತಗ್ಗಿಗೆ ಪುಟ್ಟಿ ತುಂಬಿ ಮತ್ತೆ ಉಜ್ಜಬೇಕು.

ನಾನು ಮೂತಿಯಿಂದ ಶುರು ಮಾಡಿದೆ. ಉಜ್ಜುತ್ತ ಹೋದಂತೆ ಕಪ್ಪು ಹೋಯಿತು, ಆದರೆ ಒಂದು ಗೆರೆ ಉಳಿಯಿತು. ಸಣ್ಣ ಗೆರೆ, ಹಿಂದಕ್ಕೆ ಉದ್ದಕ್ಕೂ ಓಡುವಂಥದ್ದು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಮೂತಿಯ ಕಡೆ ಬರುತ್ತ ಗೆರೆಗಳು ಹತ್ತಿರ ಹತ್ತಿರ ಸೇರುತ್ತಿದ್ದವು. ನಾನು ಉಜ್ಜುವ ಹಲಗೆ ಕೆಳಗಿಟ್ಟು ಹಿಂದೆ ಸರಿದು ನಿಂತೆ.

ಅವು ಹಲಗೆಗಳ ಸಂದು. ಅಪ್ಪನ ಮರದ ದೋಣಿಯ ಹಲಗೆ ಹಲಗೆಯ ನಡುವಿನ ಸಂದು ಅಚ್ಚಿಗೆ ಇಳಿದು, ಅಚ್ಚಿನಿಂದ ಈ ಫೈಬರಿಗೆ ಬಂದಿತ್ತು. ಬಣ್ಣ, ಪುಟ್ಟಿಗಳ ಕೆಳಗೆ ಇಷ್ಟು ವರ್ಷ ಅಡಗಿತ್ತು. ಮೇಲಿನ ಹಲಗೆ ಅಗಲ, ಅದರ ಕೆಳಗಿನದು ಕಿರಿದು, ಮಗ್ಗುಲು ತಳಕ್ಕೆ ತಿರುಗುವ ಮಡಿಕೆಯ ಹತ್ತಿರ ಎರಡು ತುಂಡು ಸೇರಿಸಿದ ಓರೆ ಜೋಡಣೆ. ಎಲ್ಲ ಅಪ್ಪನ ಲೆಕ್ಕ. ಬಲ ಮಗ್ಗುಲಿಗೆ ಓಡಿ ಪುಡಿ ಸವರಿ ಉಜ್ಜಿದೆ. ನಾನು ಹುಡುಕುತ್ತಿದ್ದದ್ದು ಇತ್ತು. ಮೂತಿಯಿಂದ ಒಂದು ಮಾರು ಹಿಂದೆ, ಎರಡನೇ ಹಲಗೆಯಲ್ಲಿ, ಹಲಸಿನ ಎಲೆಯಷ್ಟು ದೊಡ್ಡ ತೇಪೆ.

ಆ ತೇಪೆ ನನ್ನದು. ಅಪ್ಪ ಆ ಮರದ ದೋಣಿ ಕಟ್ಟುವಾಗ ಹಲಗೆಯಲ್ಲಿದ್ದ ಗಂಟು ಉದುರಿ ತೂತಾಗಿತ್ತು. ಅಪ್ಪ ಉಳಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ಹಾಕು," ಅಂದಿದ್ದ. ದೋಣಿಯ ಮೈಗೆ ನಾನು ಕೂರಿಸಿದ ಮೊದಲ ಮರ. ಸ್ವಲ್ಪ ದಪ್ಪವಾಯಿತು, ನೀರು ಕುಡಿದ ಮೇಲೆ ಹಲಗೆಗಿಂತ ಕೂದಲೆಳೆಯಷ್ಟು ಮೇಲೆದ್ದು ನಿಂತಿತು. ಉಜ್ಜಿಬಿಡಲೇ ಎಂದು ಕೇಳಿದರೆ ಅಪ್ಪ, "ಇರಲಿ ಬಿಡು," ಅಂದ.

ಇಲ್ಲಿ ಆ ತೇಪೆ ಅರ್ಧ ಮಾತ್ರ ಇತ್ತು. ಮುಂದಿನ ಅರ್ಧ ಎದ್ದು ನಿಂತಿತ್ತು, ಹಿಂದಿನ ಅರ್ಧ ಸಪಾಟು, ನಡುವೆ ಒರಟು ಅಂಚು. ನೋಡಿದ ಕೂಡಲೇ ತಿಳಿಯಿತು. ಅಚ್ಚಿನಲ್ಲಿ ಮೂಡಿದ್ದ ಗುಳಿಗೆ ಮೇಸ್ತ್ರಿ ಪುಟ್ಟಿ ತುಂಬಿ ಮುಚ್ಚಿದ್ದಾನೆ. ಮೇಣ ತಿಕ್ಕಿದ ಅಚ್ಚಿನ ನುಣುಪಿಗೆ ಸಾದಾ ಪುಟ್ಟಿ ಹಿಡಿಯುವುದಿಲ್ಲ. ಕೆಲವು ದೋಣಿ ಎಬ್ಬಿಸುವಷ್ಟರಲ್ಲಿ ಅರ್ಧ ಕಿತ್ತು ಬಂದಿದೆ. ಹಾಗೆ ಕಿತ್ತ ಮೇಲೆ ಹುಟ್ಟಿದ ದೋಣಿ ಇದು.

ಕೈಗೆ ಸಾಕ್ಷಿ ಸಿಕ್ಕಿತು ಎಂದು ಕುಣಿಯುವಂತಾಯಿತು. ಒಡತಿಗೆ ಫೋನು ಮಾಡಿ ಕರೆಸಿದೆ. ಅವಳು ಮೀನು ಮಾರಿ, ಖಾಲಿ ಬುಟ್ಟಿಯ ಜೊತೆ ಬಸ್ಸು ಹಿಡಿದು ಬಂದಳು. ನಾನು ಒಂದೊಂದು ಗೆರೆಯನ್ನೂ ತೋರಿಸಿ, ಇದು ನನ್ನ ಅಪ್ಪನ ದೋಣಿಯ ಅಚ್ಚು, ಮೇಸ್ತ್ರಿಯದಲ್ಲ ಎಂದು ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿದಳು.

"ಹೌದಾ? ಚಲೋ ಆಯ್ತು," ಅಂದಳು. "ಆದ್ರೆ ಅದು ಕಾಣದಂಗೆ ಮಾಡು. ಹೊಸ ದೋಣಿ ಎಲ್ಲ ಕನ್ನಡಿಯಂಗೆ ಇರ್ತವೆ, ನಮ್ಮದು ಮಾತ್ರ ಮುದುಕಿ ಮೋರೆಯಂಗೆ ಕಂಡ್ರೆ ಹೆಂಗೆ?"

ಆಮೇಲೆ, ಹೋಗುವಾಗ, ಏನೋ ಸಣ್ಣ ವಿಷಯ ನೆನಪಾದಂತೆ ಹೇಳಿದಳು: "ಮೇಸ್ತ್ರಿ ಇಲ್ಲಿಗೆ ಬರೂರಿದ್ದಾರೆ. ಅವ್ರ ಅಚ್ಚು ಹಾಳಾಗಿದ್ಯಂತೆ. ನಮ್ಮ ದೋಣಿ ಮೇಲೆ ಹೊಸ ಅಚ್ಚು ತೆಗೀತೇನೆ ಅಂದ್ರು. ನಾ ಹೂಂ ಅಂದೆ."

ಮೇಸ್ತ್ರಿ ಮರುದಿನವೇ ಬಂದ. ಅಷ್ಟು ವರ್ಷ ದೂರದಿಂದಲೇ ಬೈದುಕೊಂಡವನನ್ನು ಮೊದಲ ಸಲ ನನ್ನದೇ ಶೆಡ್ಡಿನಲ್ಲಿ ನೋಡಿದೆ. ನರೆತ ತಲೆ, ರೆಸಿನ್ ತಾಗಿ ಸುಲಿದ ಬೆರಳು. ನನ್ನ ಬೆರಳಿನ ಹಾಗೇ. ಅವನು ದೋಣಿಗೆ ಒಂದು ಸುತ್ತು ಬಂದು ಗೆರೆಗಳ ಮೇಲೆ ಹೆಬ್ಬೆರಳು ಎಳೆದ.

"ಈ ಗೆರೆ ಅಳಿಸೂಕೆ ಹೋಗಿ ನನ್ನ ಅಚ್ಚೇ ಹೋಯ್ತು ಮಾರಾಯಾ," ಅಂದ. "ಗಿರಾಕಿ ಎಲ್ಲ ನುಣ್ಣಗೆ ಬೇಕು ಅಂತಾರೆ. ಅಚ್ಚಿನಲ್ಲಿ ಎದ್ದ ಏಣು ಉಜ್ಜಿ ಉಜ್ಜಿ ತೆಳ್ಳಗಾಗಿ ಸೊಟ್ಟ ಆಯ್ತು. ಈಗ ಅದ್ರಲ್ಲಿ ಬಂದ ದೋಣಿ ಎಲ್ಲ ಎಡಕ್ಕೆ ಎಳೀತವೆ. ಉಜ್ಜಬ್ಯಾಡ ಅಂತ ಆವಾಗ್ಲೇ ಹೇಳಿದ್ರು ನಿನ್ನ ಅಪ್ಪ."

"ಅಪ್ಪ ಯಾವಾಗ ಹೇಳ್ದ?" ಅಂದೆ.

"ಅಚ್ಚು ತೆಗೆಯೂವಾಗ. ನಮ್ಮಲ್ಲೇ ಉಳ್ಕೊಂಡಿದ್ರಲ್ಲ. ದೋಣಿ ಮಗುಚಿ ಹದ ಮಾಡಿ ಕೊಟ್ಟಿದ್ದೇ ಅವ್ರು. ಮರ ಮುಗೀತು, ಆಕಾರ ಆದ್ರೂ ಉಳೀಲಿ ಅಂದ್ರು." ಅವನು ನನ್ನ ಮುಖ ನೋಡಿದ. "ನಿಂಗೆ ಹೇಳಿಲ್ವಾ? ಮಗನಿಗೆ ಗೊತ್ತಾಗೂದು ಬ್ಯಾಡ, ಅವ ಉರಿದು ಬೀಳ್ತಾನೆ ಅಂದಿದ್ರು. ಆಮೇಲಾದ್ರೂ ಹೇಳ್ತಾರೆ ಅಂದ್ಕಂಡೆ."

ನೆನಪಾಯಿತು. ಅಪ್ಪ ಆ ಸಲ ರಾಮನಗುಳಿಗೆ ಮರ ನೋಡಲು ಹೋಗುತ್ತೇನೆಂದು ಕೈಚೀಲ ಹಿಡಿದು ಹೊರಟಿದ್ದ. ಮರ ಸಿಗಲಿಲ್ಲ ಎಂದು ಬರಿಗೈಯಲ್ಲಿ ಬಂದಿದ್ದ. ನಾನು ಬಿಸಿನೀರು ಕಾಯಿಸಿ ಕೊಟ್ಟಿದ್ದೆ.

ಕಳ್ಳನಲ್ಲ ಎಂದು ತಿಳಿದ ಮೇಲೆ ನನ್ನ ಕಿಚ್ಚು ಆರಬೇಕಿತ್ತು. ಆರಲಿಲ್ಲ, ಹೆಚ್ಚಾಯಿತು. ಕದ್ದಿದ್ದರೆ ಕದ್ದ ಅನ್ನಬಹುದಿತ್ತು. ಇದು ಅಪ್ಪ ತಾನೇ ಎತ್ತಿ ಕೊಟ್ಟದ್ದು, ಅದೂ ಪಕ್ಕದಲ್ಲಿದ್ದ ನನ್ನನ್ನು ಬಿಟ್ಟು, ನನಗೆ ಸುಳ್ಳು ಹೇಳಿ. ನನ್ನ ಹೊಟ್ಟೆಕಿಚ್ಚು ಅಪ್ಪನಿಗೆ ನನಗಿಂತ ಮೊದಲೇ ಗೊತ್ತಿತ್ತು ಅನ್ನುವುದು ಎಲ್ಲಕ್ಕಿಂತ ಕಷ್ಟವಾಯಿತು.

ಮೇಸ್ತ್ರಿ ಕೇಳಿದ್ದು ಇಷ್ಟೇ: ಗೆರೆಗಳಿಗೆಲ್ಲ ಪುಟ್ಟಿ ತುಂಬಿ, ಕನ್ನಡಿಯಂತೆ ಮಾಡಿ, ಬಣ್ಣದ ಪದರ ಎಳೆದು ಇಡು, ಹುಣ್ಣಿಮೆಗೆ ಮುಂಚೆ ಬಂದು ಇಲ್ಲೇ ಅಚ್ಚು ತೆಗೆದುಕೊಂಡು ಹೋಗುತ್ತೇನೆ. ಹಾಗೆ ಮಾಡಿದರೆ ಹೊಸ ಅಚ್ಚಿನಲ್ಲಿ ಅಪ್ಪನ ಹಲಗೆಗಳಿರುವುದಿಲ್ಲ. ಆಮೇಲೆ ಹುಟ್ಟುವ ಯಾವ ದೋಣಿಯಲ್ಲೂ ಇರುವುದಿಲ್ಲ. ಆಗುವುದಿಲ್ಲ ಅಂದರೆ ಈ ಹಳೆಯ ದೋಣಿಗಳೊಂದಿಗೆ ಆಕಾರವೇ ಮುಗಿಯುತ್ತದೆ. ನಾನೇ ಅಚ್ಚು ತೆಗೆದು ಇಟ್ಟುಕೊಂಡರೆ? ಅದನ್ನೂ ಯೋಚಿಸಿದೆ. ನನ್ನ ಶೆಡ್ಡಿನಲ್ಲಿ ಅಚ್ಚು ಇಟ್ಟರೆ ದೋಣಿಗೆ ಜಾಗವಿಲ್ಲ. ಜಾಗವಿದ್ದರೂ ಹೊಸ ದೋಣಿ ಬೇಕೆಂದು ನನ್ನ ಬಾಗಿಲಿಗೆ ಯಾರು ಬರುತ್ತಾರೆ?

ಶೆಡ್ಡಿಗೆ ಬೀಗ ಹಾಕಿ ಮನೆಯಲ್ಲಿ ಕೂತೆ. ಹೆಂಡತಿ ಮೊದಲು ತಮಾಷೆ ಮಾಡಿದಳು, ಆಮೇಲೆ ರೇಗಿದಳು. ಕಿನ್ನರ ಊರಿನ ತವರಿಗೆ ಹೊರಟು ನಿಂತವಳು ಬಾಗಿಲಲ್ಲಿ ತಿರುಗಿ, "ನಿಂಗೆ ಮೇಸ್ತ್ರಿ ಹೆಸ್ರು ಅಳಿಸ್ಬೇಕೋ, ಮಾವನ ಗೆರೆ ಉಳಿಸ್ಬೇಕೋ? ಎರಡೂ ಒಂದೇ ಅಂತ ಕೂತ್ರೆ ದೋಣಿ ಹುಣ್ಣಿಮೆಗೆ ಹೋಗೂದಿಲ್ಲ," ಅಂದಳು.

ಅವಳು ಬಸ್ಸು ಹತ್ತಿದ ಮೇಲೆ ನಾನು ಶೆಡ್ಡು ತೆರೆದೆ. ಪುಟ್ಟಿಯ ಡಬ್ಬಿ ಮುಟ್ಟಲಿಲ್ಲ. ಗರಗಸದ ಬ್ಲೇಡಿನ ತುದಿ ಕಾಯಿಸಿ ಬಗ್ಗಿಸಿ ಕೊಕ್ಕೆ ಮಾಡಿಕೊಂಡು, ಗೆರೆಗಳಲ್ಲಿ ಅಳಿದುಳಿದ ಹಳೆಯ ಪುಟ್ಟಿಯನ್ನೆಲ್ಲ ಕೆರೆದು ತೆಗೆದೆ. ಗೆರೆ ಸೊಟ್ಟಾಗದಂತೆ ಸಂದಿಗುಂಟ ಮರದ ಪಟ್ಟಿ ಕಟ್ಟಿ, ಮೂತಿಯಿಂದ ಹಿಂಬದಿಯವರೆಗೆ ಒಂದೊಂದನ್ನೂ ಮೊನಚು ಮಾಡಿದೆ. ಬಲ ಮಗ್ಗುಲಿನ ತೇಪೆಯ ಹೋದ ಅರ್ಧವನ್ನು ರೆಸಿನ್ನಿನಲ್ಲಿ ಗಾಜಿನ ಎಳೆ ಕಲೆಸಿ ಕಟ್ಟಿದೆ, ಎಲೆಯ ಆಕಾರ ಪೂರ್ತಿ ಬರುವ ಹಾಗೆ. ಒಡತಿಗೆ ಫೋನಿನಲ್ಲಿ ಹೇಳಿಯೇ ಮಾಡಿದೆ.

"ಗೆರೆ ಇದ್ರೆ ನೀರು ಬರ್ತದ್ಯಾ?" ಎಂದು ಕೇಳಿದಳು.

"ಇಲ್ಲ."

"ಮೀನು ಕಮ್ಮಿ ಬೀಳ್ತದ್ಯಾ?"

"ಅದೆಂತಕೆ ಬೀಳ್ತದೆ?"

"ಹಂಗಾದ್ರೆ ನನ್ನ ತಲೆ ತಿನ್ಬ್ಯಾಡ. ಹೊಳಪು ಇರ್ಲಿ, ಹುಣ್ಣಿಮೆಗೆ ಕೊಡು."

ಹೊಳಪಿನಲ್ಲಿ ನಾನು ಜಾರಿದೆ. ಬಣ್ಣ ಬೆರೆಸಿದ ಹೊರಪದರ, ನಾವು ಜೆಲ್‌ಕೋಟ್ ಅನ್ನುವುದು, ಮೊದಲ ಪದರ ಗಟ್ಟಿಯಾದ ಮೇಲೆಯೇ ಎರಡನೆಯದನ್ನು ಹೊಡೆಯಬೇಕು. ಮಳೆಯ ತಂಡಿಗೆ ಅದು ಬೇಗ ಗಟ್ಟಿಯಾಗುವುದಿಲ್ಲ. ನನಗೆ ಎಲ್ಲ ಗೊತ್ತು. ಆದರೆ ಅಂದು ಬೆಳಿಗ್ಗೆ ಮೇಸ್ತ್ರಿಯ ಹೊಸ ದೋಣಿಯೊಂದು ಹೊಳೆಬಾಯಿಯಲ್ಲಿ ಹೋಯಿತು, ಬಿಸಿಲಿಲ್ಲದ ದಿನವೂ ಮಿಂಚುತ್ತ. ಎಡಕ್ಕೆ ಎಳೆದರೇನು, ಕಣ್ಣು ಕುಕ್ಕುತ್ತಿತ್ತು. ನಾನು ತಡೆಯಲಾರದೆ, ಬೆರಳಿಗೆ ಅಂಟುತ್ತಿದ್ದ ಮೊದಲ ಪದರದ ಮೇಲೆ ಎರಡನೆಯದನ್ನು ಹೊಡೆದುಬಿಟ್ಟೆ. ಊಟ ಮಾಡಿ ಬಂದು ನೋಡಿದರೆ ಇಡೀ ಎಡ ಮಗ್ಗುಲು ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು.

ಬೈಯಲು ಈ ಸಲ ಮೇಸ್ತ್ರಿಯೂ ಸಿಗಲಿಲ್ಲ. ಉಳಿ ಹಿಡಿದು ಕೆರೆದು, ಅಸಿಟೋನ್ ಹಾಕಿ ಒರೆಸಿ, ಗೆರೆಗಳನ್ನು ಮತ್ತೆ ಮೊದಲಿನಿಂದ ತೀಡಿದೆ. ಗುಡಾರಕ್ಕೆ ಇನ್ನೊಂದು ಪದರ ಟಾರ್ಪಾಲು, ಇನ್ನಷ್ಟು ಬಲ್ಬು. ಈ ಸಲ ಮೊದಲ ಪದರಕ್ಕೆ ಉಗುರು ಒತ್ತಿದರೂ ಗುರುತು ಬೀಳದಷ್ಟು ಕಾದೆ. ಎರಡನೆಯದು ಹಸಿ ಇರುವಾಗಲೇ ಗೆರೆಗುಂಟ ದುಂಡು ತುದಿಯ ಬಿದಿರ ಕಡ್ಡಿ ಎಳೆದೆ, ಸಂದು ತುಂಬಿಹೋಗದ ಹಾಗೆ. ಆಮೇಲೆ ನೀರು ಹಾಕಿ ಉಜ್ಜುವುದು, ಒರಟು ಪೇಪರಿನಿಂದ ನುಣುಪಿನವರೆಗೆ. ಕೊನೆಗೆ ದೋಣಿಯ ಮೈಯಲ್ಲಿ ನನ್ನ ಮುಖ ಕಂಡಿತು. ಅಪ್ಪನ ಗೆರೆಗಳು ಅದರ ಅಡ್ಡಕ್ಕೆ ಹಾದುಹೋಗಿದ್ದವು.

ಮೇಸ್ತ್ರಿ ಎರಡು ಆಳುಗಳೊಂದಿಗೆ ಬಂದಾಗ ಹುಣ್ಣಿಮೆ ಹತ್ತಿರವಿತ್ತು. ದೋಣಿ ನೋಡುತ್ತ ಬಲ ಮಗ್ಗುಲಿಗೆ ಬಂದ. ತೇಪೆಯ ಮೇಲೆ ಅಂಗೈ ಇಟ್ಟ.

"ಅಳಿಸು ಅಂದ್ರೆ ಇನ್ನೂ ಎದ್ದು ಕಾಣೂವಂಗೆ ಮಾಡಿದ್ಯಲ್ಲ," ಅಂದ.

"ಬ್ಯಾಡಾದ್ರೆ ತೆಗೀಬ್ಯಾಡ," ಅಂದೆ.

ಅವನು ನನ್ನನ್ನೊಮ್ಮೆ ನೋಡಿ ಮೇಣದ ಡಬ್ಬಿ ಬಿಚ್ಚಿದ. ಮತ್ತೆ ಮತ್ತೆ ಮೇಣ ತಿಕ್ಕಿದರು, ಅಚ್ಚು ಅಂಟದಂತೆ ತಡೆಯುವ ದ್ರವ ಬಳಿದರು, ಮ್ಯಾಟಿನ ಮೇಲೆ ಮ್ಯಾಟು ಹಾಸಿದರು. ನಾನು ಕಡೆಗಣ್ಣಿನಿಂದ ಎಲ್ಲವನ್ನೂ ನೋಡುತ್ತಿದ್ದೆ; ಒಂದು ಗುಳ್ಳೆ ಉಳಿದರೂ ಹೇಳಿ ತೋರಿಸೋಣ ಎಂದು. ಉಳಿಯಲಿಲ್ಲ. ಗಟ್ಟಿಯಾದ ಮೇಲೆ ಸುತ್ತಲೂ ಮರದ ಬೆಣೆ ಹೊಡೆದು, ಸಂದಿಗೆ ನೀರು ಬಿಟ್ಟಾಗ ಅಚ್ಚು ಫಟ್ಟೆಂದು ಎದ್ದಿತು. ಅವರು ಅದನ್ನು ಲಾರಿಗೆ ಹಾಕಿಕೊಂಡು ಸೇತುವೆ ದಾಟಿ ಹೋದರು. ಒಡತಿಯ ದೋಣಿ ಹುಣ್ಣಿಮೆಯ ದಿನ ಮಾಲೆ ಹಾಕಿಕೊಂಡು ನೀರಿಗೆ ಇಳಿಯಿತು. ಅವಳು ನನಗೆ ಪ್ರಸಾದದ ಕಾಯಿ ಹೋಳು ಕೊಟ್ಟು, ಪಕ್ಕದವಳಿಗೆ, "ಮೇಸ್ತ್ರಿ ಕಟ್ಟು. ಚಿತ್ತಾಕುಲದ ಆಚಾರಿ ಪಾಲಿಶ್ ಮಾಡ್ದ," ಅಂದಳು.

ದಸರೆಯ ಹೊತ್ತಿಗೆ ಮೇಸ್ತ್ರಿಯಿಂದ ಕರೆ ಬಂತು. ಹೊಸ ಅಚ್ಚಿನ ಮೊದಲ ದೋಣಿ ಎದ್ದಿದೆ, ಬಂದು ನೋಡು ಅಂದ. ಹೋಗಬಾರದು ಅಂದುಕೊಂಡೇ ಬಸ್ಸು ಹತ್ತಿದೆ. ಅಂಗಳದಲ್ಲಿ ದೋಣಿ ಬೋರಲು ಮಲಗಿತ್ತು. ಗೆರೆಗಳೆಲ್ಲ ಬಂದಿದ್ದವು, ನಾನು ತೀಡಿದಷ್ಟೇ ಚೂಪಾಗಿ. ಅಲ್ಲಿ ಜನವೂ ಇದ್ದರು. ದೋಣಿ ಮಾಡಿಸಲು ಬಂದವನೊಬ್ಬ ಇದೇನು ಗೆರೆ ಎಂದು ಕೇಳಿದ.

"ಅದು ಡಿಸೈನು," ಅಂದ ಮೇಸ್ತ್ರಿ. "ಹಳೇ ಹಲಗೆ ದೋಣಿಯಂಗೆ ಕಾಣ್ತದೆ. ಈಗ ಎಲ್ಲರೂ ಅದೇ ಬೇಕು ಅಂತಾರೆ."

ನಾನು ಬಲ ಮಗ್ಗುಲಿಗೆ ಹೋದೆ. ಎರಡನೇ ಹಲಗೆಯ ಮೇಲೆ ಅಂಗೈ ಸವರಿದೆ. ನುಣ್ಣಗಿತ್ತು. ಏನೂ ಇರಲಿಲ್ಲ.

ಮೇಸ್ತ್ರಿ ಹಿಂದೆ ಬಂದು ನಿಂತಿದ್ದ. "ಆ ಎಲೆಯಂಥದ್ದು ಒಂದೇ ಮಗ್ಗುಲಿಗೆ ಚಂದ ಕಾಣೂದಿಲ್ಲ," ಅಂದ. "ಅಚ್ಚಿನಲ್ಲಿ ತುಂಬ್ಸಿಬಿಟ್ಟೆ. ಬೇಜಾರಿಲ್ಲ ಅಲ್ದಾ?"

"ಯಾವುದ್ರಲ್ಲಿ ತುಂಬ್ಸಿದ್ರಿ?" ಎಂದು ಕೇಳಿದೆ.

"ಪುಟ್ಟಿ. ಸಾದಾದ್ದೇ. ಎಂತಕೆ?"

ಅಚ್ಚಿನ ಗುಳಿಯನ್ನು ಮೊದಲು ಒರಟು ಮಾಡಬೇಕು, ಗಾಜಿನ ಎಳೆ ಬೆರೆಸಿ ತುಂಬಬೇಕು, ಇಲ್ಲವಾದರೆ ಮತ್ತೆ ಕಿತ್ತು ಬರುತ್ತದೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

"ಚಲೋ ಮಾಡಿದ್ರಿ," ಅಂದೆ.

ಈಗಲೂ ಬೆಳಿಗ್ಗೆ ಚಹಾದ ಲೋಟ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತೇನೆ. ಗೆರೆಯ ದೋಣಿ ಹೊಳೆಬಾಯಿಗೆ ಬಂದರೆ ಮೊದಲು ನೋಡುವುದು ಬಲ ಮಗ್ಗುಲನ್ನು, ತೇಪೆ ಎದ್ದಿದೆಯೋ ಎಂದು. "ಬಂತಾ?" ಎಂದು ಒಳಗಿನಿಂದ ಹೆಂಡತಿ ಕೇಳುತ್ತಾಳೆ.

ಇನ್ನೂ ಬಂದಿಲ್ಲ. ಬರುತ್ತದೆ.